ಕಡಿಮೆ ಬಜೆಟ್‌ನಲ್ಲಿ ಓವರ್‌ಕ್ಲಾಕ್ ಮಾಡೋಕೆ ಯಾವ ಬೋರ್ಡು, ಯಾವ ಪ್ರೊಸೆಸರ್? ಪದೇ ಪದೇ ಕೇಳೋ ಪ್ರಶ್ನೆಗಳು

ಈಗಿನ ಕಾಲದಲ್ಲಿ ಓವರ್‌ಕ್ಲಾಕ್ ಮಾಡಿ ಏನಾದ್ರೂ ಪ್ರಯೋಜನ ಇದ್ಯಾ?

ಇದೆ, ಆದ್ರೆ ಮೊದಲಿನಷ್ಟು ಇಲ್ಲ. ಓವರ್‌ಕ್ಲಾಕ್ ಅಂದ್ರೆ ಪ್ರೊಸೆಸರನ್ನೋ ರ‍್ಯಾಮನ್ನೋ ಕಂಪನಿ ಹೇಳಿದ ಸ್ಪೀಡ್‌ಗಿಂತ ಜಾಸ್ತಿ ಓಡ್ಸೋದು, ಬೋರ್ಡು ಅಂದ್ರೆ ಮದರ್‌ಬೋರ್ಡು. 1998ರಲ್ಲಿ ಇಂಟೆಲ್ ಸೆಲೆರಾನ್ 300ಎ ಅಂತ ಒಂದು ಅಗ್ಗದ ಚಿಪ್ ಬಂದಿತ್ತು, 300 ಮೆಗಾಹರ್ಟ್ಸ್‌ದು, ಬಸ್ ಸ್ಪೀಡನ್ನ, ಅಂದ್ರೆ ಬೋರ್ಡು ಚಿಪ್ಪಿಗೆ ಕೊಡೋ ಮೂಲ ಸ್ಪೀಡನ್ನ, 66ರಿಂದ 100ಕ್ಕೆ ಏರಿಸಿದ್ರೆ ಸೀದಾ 450ಕ್ಕೆ ಹೋಗಿ ನಿಲ್ತಿತ್ತು, ಅಂದ್ರೆ ಒಂದೂವರೆ ಪಟ್ಟು, ಅದೂ ಪುಕ್ಕಟೆ. 2014ರಲ್ಲಿ ಪೆಂಟಿಯಂ ಜಿ3258 ಬಂತು, ಅದು 3.2 ಗಿಗಾಹರ್ಟ್ಸ್‌ದು, ಒಳ್ಳೆ ಕೂಲರ್ ಹಾಕಿದ್ರೆ 4.5ರ ಆಸುಪಾಸು ಓಡ್ತಿತ್ತು. ಈಗ ಹಾಗಿಲ್ಲ, ಚಿಪ್ಪಲ್ಲಿ ಇರೋ ಶಕ್ತಿನ ಬೂಸ್ಟ್ ಅನ್ನೋ ಹೆಸರಲ್ಲಿ ಕಂಪನಿಯವ್ರೇ ಹೆಚ್ಚುಕಮ್ಮಿ ಪೂರ್ತಿ ಹಿಂಡಿ ಕೊಟ್ಟಿರ್ತಾರೆ. ರೈಜನ್ 5 5600 ಪೆಟ್ಟಿಗೆಯಿಂದ ತೆಗೆದ ಹಾಗೇ 4.4 ಗಿಗಾಹರ್ಟ್ಸ್ ಮುಟ್ಟುತ್ತೆ, ಕೂತು ಟ್ಯೂನ್ ಮಾಡಿದ್ರೆ 4.6, ಅದೃಷ್ಟ ಇದ್ರೆ 4.7. ಶೇಕಡ 5-7 ಅಷ್ಟೇ.

ಹಂಗಾಗಿ ಈ ಪುಟ ಪೂರ್ತಿ ನಾನು ಹಿಡಿದಿರೋ ಹಾದಿ ಒಂದೇ: ಓವರ್‌ಕ್ಲಾಕ್‌ಗೋಸ್ಕರ ಅಂತ ಬೇರೆ ದುಡ್ಡು ಹಾಕ್ಬೇಡಿ. ಹೇಗೂ ತಗೊಳ್ಳೋ ಬೋರ್ಡು, ಹೇಗೂ ತಗೊಳ್ಳೋ ಪ್ರೊಸೆಸರ್, ಅದ್ರಲ್ಲಿ ಲಾಕ್ ಇಲ್ದೇ ಇರೋದನ್ನ, ಅಂದ್ರೆ ಸ್ಪೀಡ್ ಏರಿಸೋಕೆ ಕಂಪನಿ ತಡೆ ಹಾಕ್ದೇ ಇರೋದನ್ನ ಆರಿಸ್ಕೊಳ್ಳಿ, ಬರೋ ಲಾಭ ಬರ್ಲಿ. ಬೋರ್ಡಿಗೆ ನಾಲ್ಕು ಸಾವಿರ ಜಾಸ್ತಿ ಕೊಟ್ಟು ಶೇಕಡ 5 ಸ್ಪೀಡ್ ಗಿಟ್ಟಿಸೋ ಬದ್ಲು ಅದೇ ದುಡ್ಡಲ್ಲಿ ಮುಂದಿನ ಪ್ರೊಸೆಸರೋ ಒಂದು ಮೆಟ್ಟಿಲು ಮೇಲಿನ ಗ್ರಾಫಿಕ್ಸ್ ಕಾರ್ಡೋ ಬಂದ್ರೆ ಅದೇ ಸರಿ.

ಇಂಟೆಲ್ಲಾ ಎಎಂಡಿನಾ?

ಬಜೆಟ್ ಕಮ್ಮಿ ಇದೆ, ಓವರ್‌ಕ್ಲಾಕೂ ಬೇಕು ಅಂದ್ರೆ ಎಎಂಡಿ. ನನಗೆ ಯಾವ ಕಂಪನಿ ಮೇಲೂ ಮೋಹ ಇಲ್ಲ, ಕಾರಣ ಬೀಗದ್ದು. ಪ್ರೊಸೆಸರ್ ಸ್ಪೀಡ್ ಅಂದ್ರೆ ಬೇಸ್ ಕ್ಲಾಕ್ ಅನ್ನೋ ಮೂಲ ಸ್ಪೀಡ್ ಗುಣಿಸು ಮಲ್ಟಿಪ್ಲೈಯರ್ ಅನ್ನೋ ಅಂಕಿ. ಇಂಟೆಲ್‌ನಲ್ಲಿ ಆ ಮಲ್ಟಿಪ್ಲೈಯರ್ ಏರಿಸ್ಬೇಕು ಅಂದ್ರೆ ಪ್ರೊಸೆಸರ್ ಹೆಸರಿನ ಕೊನೇಲಿ ಕೆ ಇರ್ಬೇಕು, ಬೋರ್ಡು ಝಡ್ ಸರಣಿದು ಆಗಿರ್ಬೇಕು, ಎರಡರಲ್ಲಿ ಒಂದು ಇಲ್ಲ ಅಂದ್ರೂ ಆಗಲ್ಲ, ಮತ್ತೆ ಎರಡೂ ದುಬಾರಿನೇ. ಎಎಂಡಿನಲ್ಲಿ ಡೆಸ್ಕ್‌ಟಾಪ್ ರೈಜನ್ ಹೆಚ್ಚುಕಮ್ಮಿ ಎಲ್ಲಾ ಅನ್‌ಲಾಕ್ಡು, ಬೋರ್ಡು ಬಿ ಸರಣಿದು ಇದ್ರೂ ಸಾಕು. ಮೊದಲ ಕಾಲದ ಎಕ್ಸ್‌3ಡಿ ಚಿಪ್‌ಗಳು ಇದಕ್ಕೆ ಸೇರಲ್ಲ, 5800ಎಕ್ಸ್‌3ಡಿ, 5700ಎಕ್ಸ್‌3ಡಿ ಎರಡಕ್ಕೂ ಮಲ್ಟಿಪ್ಲೈಯರ್ ಲಾಕ್ ಮಾಡಿದಾರೆ, ಮೇಲೆ ಕೂರ್ಸಿರೋ ಕ್ಯಾಶ್ (ಪ್ರೊಸೆಸರ್‌ನ ಸ್ವಂತ ವೇಗದ ಪುಟ್ಟ ಮೆಮೊರಿ) ಜಾಸ್ತಿ ವೋಲ್ಟೇಜ್ ತಡ್ಕೊಳ್ಳಲ್ಲ ಅಂತ.

ಯಾವ ಚಿಪ್‌ಸೆಟ್‌ನಲ್ಲಿ ಆಗುತ್ತೆ, ಯಾವುದ್ರಲ್ಲಿ ಆಗಲ್ಲ?

ಚಿಪ್‌ಸೆಟ್ ಅಂದ್ರೆ ಬೋರ್ಡಿನ ಮುಖ್ಯ ನಿಯಂತ್ರಣ ಚಿಪ್ಪು, ಅದ್ರ ನಂಬರ್ ಬೋರ್ಡಿನ ಹೆಸರಲ್ಲೇ ಇರುತ್ತೆ. ಸಾಕೆಟ್ ಅಂದ್ರೆ ಪ್ರೊಸೆಸರ್ ಕೂರೋ ಜಾಗ, ಎಎಂಡಿದು ಎಎಂ4 ಹಳೇದು, ಎಎಂ5 ಹೊಸದು. ಎಎಂ4 ಸಾಕೆಟ್‌ನಲ್ಲಿ ಬಿ350, ಬಿ450, ಬಿ550, ಎಕ್ಸ್ ಇರೋವೆಲ್ಲಾ ಆಗುತ್ತೆ. ಎ320, ಎ520 ಆಗಲ್ಲ. ಎಎಂ5ನಲ್ಲಿ ಬಿ650, ಬಿ850, ಎಕ್ಸ್ ಸರಣಿ ಆಗುತ್ತೆ, ಎ620 ಆಗಲ್ಲ. ಇಲ್ಲಿ ಒಂದು ಗುಂಡಿ ಇದೆ, 2025ರಲ್ಲಿ ಬಂದ ಬಿ840. ಹೆಸರು ಬಿ ಅಂತ ಇದ್ರೂ ಅದ್ರಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ, ರ‍್ಯಾಮ್ ಮಾತ್ರ ಏರಿಸ್ಬೋದು, ಬಿ850 ಅಂದ್ಕೊಂಡು ಅದನ್ನ ತಗೊಂಡು ಬಂದ್ಬಿಟ್ರೆ ಆಮೇಲೆ ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪುಟ) ಎಷ್ಟು ಹುಡುಕಿದ್ರೂ ಆ ಆಯ್ಕೆ ಸಿಗಲ್ಲ. ಅಂಗಡೀಲಿ ಬಿಲ್ ಹಾಕ್ಸೋ ಮುಂಚೆ ಪೆಟ್ಟಿಗೆ ಮೇಲಿನ ನಂಬರನ್ನ ಅಕ್ಷರ ಅಕ್ಷರ ಓದಿ.

ಇಂಟೆಲ್‌ನಲ್ಲಿ ಬಿ660, ಬಿ760, ಬಿ860 ರ‍್ಯಾಮ್ ಓವರ್‌ಕ್ಲಾಕ್‌ಗೆ ಸರಿ, ಪ್ರೊಸೆಸರ್‌ಗೆ ಇಲ್ಲ. ಎಚ್610ನಲ್ಲಿ ಅದೂ ಇಲ್ಲ.

ಐ5-12400ನ 5 ಗಿಗಾಹರ್ಟ್ಸ್ ಓಡ್ಸಿದಾರಲ್ಲ, ಅದು ಸುಳ್ಳಾ?

ಸುಳ್ಳಲ್ಲ, ನಿಜವಾಗ್ಲೂ ಆಗಿದೆ. 2022ರ ಶುರುವಲ್ಲಿ ಜರ್ಮನಿಯ ಡೆರ್‌ಬೌಯರ್ ಅನ್ನೋ ಓವರ್‌ಕ್ಲಾಕರ್ ತೋರ್ಸಿದ್ದು, ಕೆ ಇಲ್ದಿರೋ 12ನೇ ಪೀಳಿಗೆ ಚಿಪ್ಪುಗಳಲ್ಲಿ ಬೇಸ್ ಕ್ಲಾಕನ್ನ 100ರಿಂದ ಮೇಲಕ್ಕೆ ಎತ್ತೋದು. 12400ಕ್ಕೆ ಎಲ್ಲಾ ಕೋರ್ ಸೇರಿ 40ರ ಮಲ್ಟಿಪ್ಲೈಯರ್, ಬೇಸ್ ಕ್ಲಾಕ್ 125 ಮಾಡಿದ್ರೆ 5 ಗಿಗಾಹರ್ಟ್ಸ್ ಆಗೋಯ್ತು. ಆದ್ರೆ ಅದಕ್ಕೆ ಬೋರ್ಡ್ ಮೇಲೆ ಪ್ರತ್ಯೇಕ ಕ್ಲಾಕ್ ಜನರೇಟರ್ ಚಿಪ್ ಇರ್ಬೇಕು, ಅದು ದುಬಾರಿ ಬೋರ್ಡಲ್ಲಿ ಮಾತ್ರ ಇರೋದು, ಬಿ660ನಲ್ಲಿ ಬೆರಳೆಣಿಕೆಯಷ್ಟು: ಆಸುಸ್ ಸ್ಟ್ರಿಕ್ಸ್ ಬಿ660-ಎಫ್ ಮತ್ತು ಬಿ660-ಜಿ, ಎಎಸ್‌ರಾಕ್ ಬಿ660ಎಂ ಪಿಜಿ ರಿಪ್‌ಟೈಡ್, ಎಂಎಸ್‌ಐ ಬಿ660ಎಂ ಮಾರ್ಟರ್ ಮ್ಯಾಕ್ಸ್, ಇಂಥವು. ಬಯಾಸೂ ಹಳೇದೇ ಇರ್ಬೇಕಾಗುತ್ತೆ. ಅಂಥ ಬೋರ್ಡು ಕೈಗೆ ಅಗ್ಗಕ್ಕೆ ಸಿಕ್ರೆ ಮಜಾ ಇದೆ, ಹುಡ್ಕೊಂಡು ಹೋಗೋವಷ್ಟು ಅಲ್ಲ.

ಹಂಗಾದ್ರೆ ಜೋಡಿ ಹೇಳಿಬಿಡಿ, ಯಾವುದು ತಗೊಳ್ಳೋದು?

ಕೈ ತುಂಬಾ ಬಿಗಿ ಇದ್ರೆ: ರೈಜನ್ 5 5600, ಬಿ550 ಬೋರ್ಡು, ಡಿಡಿಆರ್4. ಈ ಪ್ರೊಸೆಸರ್ 2022ರ ಏಪ್ರಿಲ್‌ದು, 6 ಕೋರ್ 12 ಥ್ರೆಡ್, 32 ಎಂಬಿ ಎಲ್3 ಕ್ಯಾಶ್. ಇದ್ರ ಜೊತೆಗೇ ಬಿಡುಗಡೆಯಾದ 5500 ಇನ್ನೂ ಅಗ್ಗ, ಆದ್ರೆ ಕ್ಯಾಶ್ ಅರ್ಧ, 16 ಎಂಬಿ, ಪಿಸಿಐ ಎಕ್ಸ್‌ಪ್ರೆಸ್ಸೂ (ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ ಸೇರಿಸೋ ಕೊಂಡಿ) ಹಳೇ 3.0, ಗೇಮಿಂಗ್‌ನಲ್ಲಿ ಆ ಕ್ಯಾಶ್ ಕೊರತೆನ ಎಷ್ಟು ಓವರ್‌ಕ್ಲಾಕ್ ಮಾಡಿದ್ರೂ ತುಂಬ್ಸೋಕಾಗಲ್ಲ. 5600ಎಕ್ಸ್‌ಗೆ ಜಾಸ್ತಿ ಕೊಡೋದೂ ಬೇಡ, 200 ಮೆಗಾಹರ್ಟ್ಸ್ ವ್ಯತ್ಯಾಸ ಅಷ್ಟೇ, ಅದನ್ನ ನೀವೇ ಬಯಾಸ್‌ನಲ್ಲಿ ಮಾಡ್ಕೋಬೋದು.

ಸ್ವಲ್ಪ ಮುಂದಕ್ಕೂ ಯೋಚ್ನೆ ಮಾಡ್ತೀರಾ ಅಂದ್ರೆ: ರೈಜನ್ 5 7500ಎಫ್ ಇಲ್ಲಾ 7600, ಬಿ650 ಬೋರ್ಡು, ಡಿಡಿಆರ್5. ನಾಲ್ಕೈದು ವರ್ಷ ಆದ್ಮೇಲೆ ಬೋರ್ಡು ಬಿಚ್ಚದೆ ಪ್ರೊಸೆಸರ್ ಮಾತ್ರ ಬದಲಾಯಿಸೋ ದಾರಿ ಇಲ್ಲಿದೆ. ತೊಂದ್ರೆ ಏನಂದ್ರೆ ಎಎಂ5ಗೆ ಡಿಡಿಆರ್5 ಒಂದೇ ಗತಿ, ಮತ್ತೆ 2025ರ ಕೊನೆಯಿಂದ ರ‍್ಯಾಮ್ ರೇಟು ಸಿಕ್ಕಾಪಟ್ಟೆ ಏರಿದೆ, ಎಐ ಡೇಟಾ ಸೆಂಟರ್‌ಗಳಿಗೆ ಅಂತ ಮೆಮೊರಿ ಎಲ್ಲಾ ಆ ಕಡೆ ಹೋಗ್ತಿದೆ. ಹಂಗಾಗಿ ಈಗಾಗ್ಲೇ ಮನೇಲಿ ಒಳ್ಳೆ ಡಿಡಿಆರ್4 ಕಡ್ಡಿ ಎರಡು ಇದ್ರೆ ಎಎಂ4ನ ಹಳೇದು ಅಂತ ಬಿಟ್ಟು ಹಾಕ್ಬೇಡಿ, ಪೂರ್ತಿ ಲೆಕ್ಕ ಹಾಕಿ ನೋಡಿ, ಬೋರ್ಡು ಪ್ರೊಸೆಸರ್ ರ‍್ಯಾಮ್ ಮೂರೂ ಸೇರ್ಸಿ.

ಗ್ರಾಫಿಕ್ಸ್ ಕಾರ್ಡ್ ತಗೊಳ್ಳೋಕೆ ಆಗಲ್ಲ ಅನ್ನೋರಿಗೆ 5600ಜಿ. ಇದ್ರಲ್ಲಿ ಓವರ್‌ಕ್ಲಾಕ್ ಮಾಡಿದ್ರೆ ನಿಜವಾಗ್ಲೂ ಕಣ್ಣಿಗೆ ಕಾಣೋ ಲಾಭ ಬರುತ್ತೆ, ಯಾಕಂದ್ರೆ ಒಳಗಿನ ವೆಗಾ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ನಿಮ್ಮ ರ‍್ಯಾಮನ್ನೇ ಬಳಸ್ಕೊಳ್ಳುತ್ತೆ, ರ‍್ಯಾಮ್ ಸ್ಪೀಡ್ ಏರಿದ್ರೆ ಎಫ್‌ಪಿಎಸ್ (ಗೇಮ್ ಸೆಕೆಂಡಿಗೆ ತೋರ್ಸೋ ಚಿತ್ರಗಳ ಲೆಕ್ಕ) ಏರುತ್ತೆ. ಒಂದೇ ಕಡ್ಡಿ ಹಾಕ್ಬೇಡಿ ಮಾತ್ರ, 16 ಜಿಬಿ ಒಂದು ಕಡ್ಡಿಗಿಂತ 8 ಜಿಬಿ ಎರಡು ಕಡ್ಡಿ, ಇದನ್ನ ಬಿಟ್ಟು ಬಾಕಿ ಟ್ಯೂನಿಂಗ್ ಎಲ್ಲಾ ಆಮೇಲಿನ ಮಾತು.

ಬೋರ್ಡಲ್ಲಿ ಏನು ನೋಡ್ಬೇಕು? ವಿಆರ್‌ಎಂ ವಿಆರ್‌ಎಂ ಅಂತಾರಲ್ಲ, ಅದೇನು?

ಪವರ್ ಸಪ್ಲೈಯಿಂದ ಬೋರ್ಡಿಗೆ ಬರೋದು 12 ವೋಲ್ಟ್, ಪ್ರೊಸೆಸರ್‌ಗೆ ಬೇಕಾಗಿರೋದು ಸುಮಾರು 1.2 ವೋಲ್ಟ್. ಇದನ್ನ ಇಳ್ಸೋ ಕೆಲ್ಸ ವಿಆರ್‌ಎಂದು, ಸಾಕೆಟ್ ಪಕ್ಕ ಸಾಲಾಗಿ ಕೂತಿರೋ ಚೌಕ ಚೌಕ ಕಾಯಿಲ್‌ಗಳು, ಅವುಗಳ ಪಕ್ಕದ ಮಾಸ್‌ಫೆಟ್ ಅನ್ನೋ ಪುಟ್ಟ ಸ್ವಿಚ್ ಚಿಪ್ಪುಗಳು. ಕಷ್ಟ ಎಲ್ಲಿ ಅಂದ್ರೆ, ವೋಲ್ಟೇಜ್ ಇಳಿದಾಗ ಕರೆಂಟ್ ಏರುತ್ತೆ. 100 ವ್ಯಾಟ್ ಅನ್ನೋದು 1.25 ವೋಲ್ಟ್‌ನಲ್ಲಿ 80 ಆಂಪಿಯರ್. ಅಷ್ಟನ್ನೂ ಬೆರಳ ಉಗುರಿನಷ್ಟು ಗಾತ್ರದ ಭಾಗಗಳು ಸಾಗಿಸ್ಬೇಕು, ಬಿಸಿ ಆಗದೆ ಇರುತ್ತಾ.

ಅದಕ್ಕೇ ಕೆಲ್ಸನ ಹಲವು ಫೇಸ್‌ಗಳಿಗೆ (ಕಾಯಿಲ್, ಮಾಸ್‌ಫೆಟ್ ಸೇರಿದ ಒಂದೊಂದು ಗುಂಪು) ಹಂಚೋದು. ಆದ್ರೆ ಪೆಟ್ಟಿಗೆ ಮೇಲೆ ಬರೆದಿರೋ ಫೇಸ್ ಲೆಕ್ಕ ಒಂದನ್ನೇ ನಂಬ್ಬೇಡಿ, ಕಂಪನಿಯವ್ರು ಒಂದೇ ಫೇಸ್‌ಗೆ ಜೋಡಿ ಕಾಯಿಲ್ ಇಟ್ಟು ದೊಡ್ಡ ಸಂಖ್ಯೆ ಬರೀತಾರೆ. ನೀವು ಕಣ್ಣಿಂದ ನೋಡ್ಬೋದಾದ ಸುಲಭದ ಗುರುತು ಹೀಟ್‌ಸಿಂಕ್, ಬಿಸಿ ಹೀರೋ ಲೋಹದ ತುಂಡು. ಮಾಸ್‌ಫೆಟ್ ಅದಿಲ್ದೆ ಬೆತ್ತಲೆ ಇದ್ರೆ ಓವರ್‌ಕ್ಲಾಕ್ ಆಸೆ ಬಿಡಿ, ಚಿಪ್‌ಸೆಟ್ ಬಿಡ್ತು ಅಂದ ಮಾತ್ರಕ್ಕೆ ಬೋರ್ಡು ತಡ್ಕೊಳ್ಳುತ್ತೆ ಅಂತೇನಿಲ್ಲ. ಹೀಟ್‌ಸಿಂಕ್ ಸ್ಕ್ರೂ ಹಾಕಿ ಬಿಗಿದಿದ್ರೆ ಒಳ್ಳೇದು, ಪ್ಲಾಸ್ಟಿಕ್ ಪಿನ್ ಆದ್ರೆ ಹಿಡಿತ ಸ್ವಲ್ಪ ಸಡಿಲ.

6 ಕೋರ್ ರೈಜನ್ 5600ಗೆ ಭಾರೀ ವಿಆರ್‌ಎಂ ಬೇಕಿಲ್ಲ ಅನ್ನೋದು ಸಮಾಧಾನದ ವಿಷ್ಯ, ಅದ್ರ ಸ್ಟಾಕ್ (ಏನೂ ಬದಲಾಯಿಸದೆ ಇರೋವಾಗಿನ) ಪವರ್ ಮಿತಿ 76 ವ್ಯಾಟ್, ಓವರ್‌ಕ್ಲಾಕ್ ಮಾಡಿದ್ರೂ ಸಾಧಾರಣ ಬಿ550 ಸುಧಾರಿಸ್ಕೊಳ್ಳುತ್ತೆ. ಎಂಎಸ್‌ಐ ಬಿ550-ಎ ಪ್ರೋ, ಆಸುಸ್ ಟಫ್ ಬಿ550ಎಂ-ಪ್ಲಸ್, ಎಎಸ್‌ರಾಕ್ ಬಿ550ಎಂ ಪ್ರೋ4 ಇವುಗಳಲ್ಲಿ ಯಾವುದು ಅವತ್ತು ಅಗ್ಗಕ್ಕೆ ಸಿಗುತ್ತೋ ಅದು. ಎಎಂ5 ಕಡೆ ಎಎಸ್‌ರಾಕ್ ಬಿ650ಎಂ-ಎಚ್‌ಡಿವಿ/ಎಂ.2 ನನಗೆ ತುಂಬಾ ಇಷ್ಟ, ನೋಡೋಕೆ ಬಡ ಬೋರ್ಡು, ರ‍್ಯಾಮ್ ಸ್ಲಾಟು ಎರಡೇ, ದೀಪಗೀಪ ಏನಿಲ್ಲ, ಆದ್ರೆ ದುಡ್ಡನ್ನ ವಿಆರ್‌ಎಂ ಮೇಲೆ ಹಾಕಿದಾರೆ, ಅದೇ ತಾನೇ ನಮಗೆ ಬೇಕಾಗಿರೋದು.

ವಿಆರ್‌ಎಂ ಬಿಸಿನ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್‌ನಲ್ಲಿ ನೋಡ್ಬೋದು, ಕೆಲವು ಅಗ್ಗದ ಬೋರ್ಡಲ್ಲಿ ಸೆನ್ಸರೇ ಇರಲ್ಲ. 90 ಡಿಗ್ರಿ ಒಳಗಿದ್ರೆ ನೆಮ್ಮದಿ, 105-110 ದಾಟ್ತಾ ಇದ್ರೆ ಒಂದು ಫ್ಯಾನ್ ಆ ಕಡೆ ತಿರುಗ್ಸಿ, ಇಲ್ಲಾ ವೋಲ್ಟೇಜ್ ಇಳ್ಸಿ.

ಹಳೇ ಬಿ450 ಬೋರ್ಡ್ ಇದೆ, ಇದ್ರಲ್ಲೇ 5600 ಹಾಕ್ಬೋದಾ?

ಹಾಕ್ಬೋದು, ಬಯಾಸ್ ಅಪ್‌ಡೇಟ್ ಮಾಡ್ಬೇಕು, ಹಳೇ ಪ್ರೊಸೆಸರ್ ತೆಗೆಯೋ ಮುಂಚೆನೇ ಮಾಡ್ಬೇಕು. ಕಳ್ಕೊಳ್ಳೋದು ಪಿಸಿಐ ಎಕ್ಸ್‌ಪ್ರೆಸ್ 4.0 ಒಂದೇ. ಅಪ್‌ಡೇಟ್ ಮಧ್ಯೆ ಕರೆಂಟ್ ಹೋದ್ರೆ ಬೋರ್ಡು ಕೈ ಕೊಡುತ್ತೆ, ಯುಪಿಎಸ್ ಇದ್ರೆ ಅದಕ್ಕೆ ಹಾಕಿ, ಇಲ್ದಿದ್ರೆ ಮಳೆ ಗಾಳಿ ಇಲ್ಲದ ದಿನ ನೋಡಿ, ಲೋಡ್ ಶೆಡ್ಡಿಂಗ್ ಟೈಮ್ ಬಿಟ್ಟು ಮಾಡಿ.

ಎಲ್ಲಾ ಕೋರ್‌ಗೂ ಒಂದೇ ಸ್ಪೀಡ್ ಇಡೋದು ಒಳ್ಳೇದಾ, ಪಿಬಿಓ ಒಳ್ಳೇದಾ?

ಪಿಬಿಓ, ಅಂದ್ರೆ ಎಎಂಡಿ ಚಿಪ್ಪು ತಾನೇ ಇನ್ನಷ್ಟು ಬೂಸ್ಟ್ ಮಾಡ್ಕೊಳ್ಳೋಕೆ ಬಿಡೋ ಬಯಾಸ್ ಸೆಟ್ಟಿಂಗ್, ಅದ್ರ ಜೊತೆ ಕರ್ವ್ ಆಪ್ಟಿಮೈಜರ್. 5000 ಸರಣಿಯಿಂದ ಇದೇ ನನ್ನ ಉತ್ತರ.

ಕಾರಣ ಸ್ವಲ್ಪ ಬಿಡ್ಸಿ ಹೇಳ್ತೀನಿ. ಚಿಪ್ಪು ತಿನ್ನೋ ಪವರ್ ವೋಲ್ಟೇಜಿನ ವರ್ಗ ಗುಣಿಸು ಫ್ರೀಕ್ವೆನ್ಸಿ ಲೆಕ್ಕದಲ್ಲಿ ಏರುತ್ತೆ. ಎರಡನ್ನೂ ಶೇಕಡ 10 ಏರಿಸಿದ್ರೆ ಪವರ್ ಶೇಕಡ 33 ಏರುತ್ತೆ, ಸಿಗೋ ಸ್ಪೀಡ್ ಮಾತ್ರ 10. ಅಂದ್ರೆ ವೋಲ್ಟೇಜ್ ಸುರಿದು ಸ್ಪೀಡ್ ತರೋದು ದುಬಾರಿ ದಾರಿ. ಕರ್ವ್ ಆಪ್ಟಿಮೈಜರ್ ಇದಕ್ಕೆ ಉಲ್ಟಾ, ಕಂಪನಿಯವ್ರು ಎಲ್ಲಾ ಚಿಪ್ಪಿಗೂ ಆಗ್ಲಿ ಅಂತ ಜಾಸ್ತಿನೇ ಇಟ್ಟಿರೋ ವೋಲ್ಟೇಜನ್ನ ಒಂದೊಂದು ಕೋರ್‌ಗೂ ಪ್ರತ್ಯೇಕವಾಗಿ ಕಮ್ಮಿ ಮಾಡೋದು, ಒಂದು ಅಂಕಿಗೆ ಸುಮಾರು 3ರಿಂದ 5 ಮಿಲಿವೋಲ್ಟ್. ವೋಲ್ಟೇಜ್ ಇಳೀತು, ಬಿಸಿ ಇಳೀತು, ಜಾಗ ಉಳೀತು ಅಂತ ಚಿಪ್ಪು ತಾನಾಗೇ ಮೇಲೆ ಬೂಸ್ಟ್ ಮಾಡ್ಕೊಳ್ಳುತ್ತೆ. ಸ್ಪೀಡ್ ಏರಿ ಬಿಸಿ ಇಳಿಯೋದು ಓವರ್‌ಕ್ಲಾಕ್ ಚರಿತ್ರೆಯಲ್ಲೇ ಅಪರೂಪ, ಅದಕ್ಕೆ ಕಡಿಮೆ ಬಜೆಟ್‌ನವ್ರಿಗೆ ಇದನ್ನ ಅಷ್ಟು ಒತ್ತಿ ಹೇಳೋದು, ಅಗ್ಗದ ಕೂಲರ್‌ನಲ್ಲೂ ನಡೆಯುತ್ತೆ.

ಮಾಡೋ ಕ್ರಮ: ಎಲ್ಲಾ ಕೋರ್‌ಗೂ ಮೈನಸ್ 10ರಿಂದ ಶುರು ಮಾಡಿ, ಟೆಸ್ಟ್ ಮಾಡಿ, ಐದೈದಾಗಿ ಇಳ್ಸಿ, ಮೈನಸ್ 30 ಕೊನೆ. ಬೂಸ್ಟ್ ಓವರ್‌ರೈಡ್ 200 ತನಕ ಇಡ್ಬೋದು. ಚಿಪ್ಪಿನ ಅತ್ಯುತ್ತಮ ಕೋರ್ ಎರಡು ಇರ್ತಾವಲ್ಲ, ಅವೇ ಕಮ್ಮಿ ಇಳಿಯೋದು, ಯಾಕಂದ್ರೆ ಅವಕ್ಕೆ ಫ್ಯಾಕ್ಟರಿಯಿಂದಾನೇ ಬಿಗಿಯಾಗಿ ವೋಲ್ಟೇಜ್ ಇಟ್ಟಿರ್ತಾರೆ, ಉಳಿದ ಕೋರ್‌ಗಳು 30ರಲ್ಲಿ ನಿಂತ್ರೂ ಅವು 15ರಲ್ಲಿ ನಿಲ್ಬೋದು. ಪಕ್ಕದ್ಮನೆಯವ್ರ ಚಿಪ್ಪು ಎಷ್ಟಕ್ಕೆ ನಿಂತಿದೆ ಅನ್ನೋದು ನಿಮ್ಮದಕ್ಕೆ ಲೆಕ್ಕಕ್ಕಿಲ್ಲ, ಇದನ್ನ ಸಿಲಿಕಾನ್ ಲಾಟರಿ ಅಂತ ಸುಮ್ನೆ ಕರೆಯಲ್ಲ.

ಕೈಯಾರೆ ಎಲ್ಲಾ ಕೋರ್ 4.6 ಇಡ್ತೀನಿ ಅಂದ್ರೆ 5600ನಲ್ಲಿ ಇಡಿ, ವೋಲ್ಟೇಜ್ 1.25ರ ಆಸುಪಾಸು, ದಿನನಿತ್ಯದ ಬಳಕೆಗೆ 1.3 ದಾಟ್ಬೇಡಿ. ಸ್ಟಾಕ್‌ನಲ್ಲಿ ಇರೋವಾಗ 1.4 ಮೇಲೆ ತೋರ್ಸುತ್ತಲ್ಲ ಅಂತ ಎಲ್ರೂ ಕೇಳ್ತಾರೆ, ಅದು ಒಂದೆರಡು ಕೋರ್ ಮೇಲೆ ಕ್ಷಣಮಾತ್ರದ ಹಗುರ ಲೋಡ್‌ಗೆ, ಆರೂ ಕೋರ್ ಪೂರ್ತಿ ದುಡಿಯೋವಾಗ ಅದೇ ವೋಲ್ಟೇಜ್ ಖಾಯಂ ಇಟ್ರೆ ಚಿಪ್ಪು ನಿಧಾನಕ್ಕೆ ಹಾಳಾಗುತ್ತೆ. 7600ನಲ್ಲಂತೂ ಕೈಯಾರೆ ಇಡೋದ್ರಲ್ಲಿ ಅರ್ಥ ಇಲ್ಲ, ಅದು ತಾನೇ 5.1 ತನಕ ಹೋಗುತ್ತೆ, ನೀವು ಎಲ್ಲದಕ್ಕೂ 5.0 ಅಂತ ಕಟ್ಟಿ ಹಾಕಿದ್ರೆ ಒಂದು ಕಡೆ ಕಳ್ಕೊಂಡ ಹಾಗೇ.

ರ‍್ಯಾಮ್ ಎಷ್ಟು ಸ್ಪೀಡ್‌ದು ತಗೊಳ್ಳೋದು?

ಎಎಂ4ಗೆ ಡಿಡಿಆರ್4 3600. ರೈಜನ್ ಒಳಗೆ ಇನ್ಫಿನಿಟಿ ಫ್ಯಾಬ್ರಿಕ್ ಅಂತ ಒಂದು ಕೊಂಡಿ ಇದೆ, ಅದು 1800 ಮೆಗಾಹರ್ಟ್ಸ್‌ನಲ್ಲಿ ಓಡೋವಾಗ 3600 ರ‍್ಯಾಮ್ ಜೊತೆ ಸಮಕ್ಕೆ ಸಮ ಹೆಜ್ಜೆ ಹಾಕುತ್ತೆ (ಡಿಡಿಆರ್ ಒಂದು ಹೆಜ್ಜೆಗೆ ಎರಡು ಸಲ ಡೇಟಾ ಕಳ್ಸುತ್ತೆ, ಹಂಗಾಗಿ 3600ರ ನಿಜವಾದ ಹೆಜ್ಜೆ 1800). 4000 ಹಾಕಿದ್ರೆ ಬಹಳಷ್ಟು 5600ಗಳಲ್ಲಿ ಕೊಂಡಿಗೆ ಅಷ್ಟು ಸ್ಪೀಡ್ ಆಗಲ್ಲ, ಹೆಜ್ಜೆ ತಪ್ಪಿ ಲೇಟೆನ್ಸಿ (ಡೇಟಾಗೆ ಕಾಯೋ ಸಮಯ) ಜಾಸ್ತಿ ಆಗುತ್ತೆ, ಜಾಸ್ತಿ ದುಡ್ಡು ಕೊಟ್ಟು ಸ್ಪೀಡ್ ಕಳ್ಕೊಂಡ ಹಾಗೆ. 5600ಜಿ ಮಾತ್ರ ಬೇರೆ ವಿನ್ಯಾಸ, ಅದು 4000ನೂ ಸಮಕ್ಕೆ ಓಡ್ಸೋ ಸಾಧ್ಯತೆ ಚೆನ್ನಾಗಿದೆ.

ಎಎಂ5ಗೆ 6000, ಸಿಎಲ್30 (ಸಿಎಲ್ ಅನ್ನೋದು ಕಾಯೋ ಲೆಕ್ಕ, ಕಮ್ಮಿ ಇದ್ದಷ್ಟು ಒಳ್ಳೇದು). ಬಯಾಸ್‌ಗೆ ಹೋಗಿ ಎಕ್ಸ್‌ಪೋ (ರ‍್ಯಾಮನ್ನ ಅದ್ರ ಮೇಲೆ ಬರೆದಿರೋ ಸ್ಪೀಡಲ್ಲಿ ಓಡ್ಸೋ ಸೆಟ್ಟಿಂಗ್) ಆನ್ ಮಾಡೋದು ಮರೀಬೇಡಿ, ಡಿಡಿಆರ್4 ಆದ್ರೆ ಎಕ್ಸ್‌ಎಂಪಿ, ಆಸುಸ್ ಬೋರ್ಡಲ್ಲಿ ಅದನ್ನೇ ಡಿಓಸಿಪಿ ಅಂತ ಬರೆದಿರ್ತಾರೆ. ಇದನ್ನ ಆನ್ ಮಾಡ್ದೆ 6000 ರ‍್ಯಾಮನ್ನ ವರ್ಷಗಟ್ಲೆ 4800ನಲ್ಲಿ ಓಡ್ಸೋ ಎಷ್ಟೋ ಜನ ಇದಾರೆ. ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಗೇ ಇರ್ಬೋದು, ಮೆಮೊರಿ ಟ್ರೇನಿಂಗ್ ನಡೀತಿರುತ್ತೆ, ಗಾಬರಿಯಿಂದ ಸ್ವಿಚ್ ಆಫ್ ಮಾಡ್ಬೇಡಿ. ಇನ್ನೊಂದು, ಎಸ್‌ಓಸಿ ವೋಲ್ಟೇಜ್ (ಪ್ರೊಸೆಸರ್ ಒಳಗೆ ರ‍್ಯಾಮ್ ನೋಡ್ಕೊಳ್ಳೋ ಭಾಗದ್ದು) 1.3 ದಾಟ್ಬಾರ್ದು. 2023ರಲ್ಲಿ ಕೆಲವು 7800ಎಕ್ಸ್‌3ಡಿ ಚಿಪ್‌ಗಳು ಸಾಕೆಟ್‌ನಲ್ಲೇ ಸುಟ್ಟು ಹೋದ್ಮೇಲೆ ಎಎಂಡಿಯವ್ರು ಹೊಸ ಬಯಾಸ್ ಕೊಟ್ಟು ಈ ಮಿತಿ ಹಾಕಿದ್ರು, ಹಂಗಾಗಿ ಹಳೇ ಬೋರ್ಡು ತಗೊಂಡಿದ್ರೆ ಮೊದ್ಲು ಬಯಾಸ್, ಆಮೇಲೆ ಎಕ್ಸ್‌ಪೋ.

ಪೆಟ್ಟಿಗೆ ಜೊತೆ ಬರೋ ಕೂಲರ್ ಸಾಕಾ?

ಸ್ಟಾಕ್‌ಗೆ ಸಾಕು, ಓವರ್‌ಕ್ಲಾಕ್‌ಗೆ ಸಾಲಲ್ಲ. ಜೊತೆ ಬರೋ ರೇತ್ ಸ್ಟೆಲ್ತ್ ಅನ್ನೋದು ಚಿಕ್ಕ ಅಲ್ಯೂಮಿನಿಯಂ ಮುದ್ದೆ. ಡೀಪ್‌ಕೂಲ್ ಎಜಿ400, ಎಕೆ400 ಥರದ 120 ಎಂಎಂ ಫ್ಯಾನಿನ ಟವರ್ ಕೂಲರ್ ಒಂದು ಹಾಕಿ, ಬೋರ್ಡಿಗೆ ಜಾಸ್ತಿ ಕೊಡೋ ದುಡ್ಡಿಗಿಂತ ಇದಕ್ಕೆ ಕೊಡೋ ದುಡ್ಡು ಕೆಲ್ಸಕ್ಕೆ ಬರುತ್ತೆ.

ನಮ್ಮ ಕಡೆ ಹವೆನೂ ಲೆಕ್ಕಕ್ಕೆ ತಗೊಳ್ಳಿ. ಕೋಣೆ ಎಷ್ಟು ಡಿಗ್ರಿ ಏರುತ್ತೋ ಚಿಪ್ಪೂ ಸುಮಾರು ಅಷ್ಟೇ ಏರುತ್ತೆ. ವಿದೇಶದ ವಿಡಿಯೋದಲ್ಲಿ 21 ಡಿಗ್ರಿ ಎಸಿ ರೂಮಲ್ಲಿ ಕೂತು 75 ಬಂತು ಅಂದ್ರೆ, ಏಪ್ರಿಲ್ ಮೇನಲ್ಲಿ ಕಲಬುರಗಿ ರಾಯಚೂರು ಕಡೆ 40 ದಾಟೋ ಹೊತ್ತಲ್ಲಿ ಅದೇ ಸೆಟ್ಟಿಂಗು 90ರ ಬಾಗ್ಲಿಗೆ ಬರುತ್ತೆ. ಡಿಸೆಂಬರ್‌ನಲ್ಲಿ ಸ್ಟೇಬಲ್ ಇದ್ದ ಓವರ್‌ಕ್ಲಾಕ್ ಬೇಸಿಗೇಲಿ ಕ್ರ್ಯಾಶ್ ಆಗೋಕೆ ಎಷ್ಟೋ ಸಲ ಇದೇ ಕಾರಣ. ಕೊನೆ ಟೆಸ್ಟ್ ಮಧ್ಯಾಹ್ನ ಮಾಡಿ, ರಾತ್ರಿ ತಂಪಲ್ಲಿ ಅಲ್ಲ.

ಸ್ಟೇಬಲ್ ಆಗಿದೆ ಅಂತ ಹೇಗೆ ಗೊತ್ತಾಗುತ್ತೆ?

ಸಿನೆಬೆಂಚ್ ಅನ್ನೋ ಸ್ಪೀಡ್ ಟೆಸ್ಟ್ ಒಂದು ಸುತ್ತು ಪಾಸ್ ಆಯ್ತು ಅಂದ್ರೆ ಸ್ಟೇಬಲ್ ಅಂತಲ್ಲ. ಕರ್ವ್ ಆಪ್ಟಿಮೈಜರ್‌ನ ಎಡವಟ್ಟು ಪೂರ್ತಿ ಲೋಡಲ್ಲಿ ಕಾಣೋದೇ ಇಲ್ಲ, ಸುಮ್ನೆ ಬ್ರೌಸರ್ ತೆರೆದಿರೋವಾಗ, ಒಂದೇ ಕೋರ್ ಮೇಲಕ್ಕೆ ಜಿಗಿದಾಗ, ರೀಸ್ಟಾರ್ಟ್ ಆಗ್ಬಿಡುತ್ತೆ. ಅದಕ್ಕೆ ಕೋರ್‌ಸೈಕ್ಲರ್ ಇದೆ, ಒಂದೊಂದೇ ಕೋರನ್ನ ಸರದಿಯಲ್ಲಿ ದುಡಿಸುತ್ತೆ, ರಾತ್ರಿಯಿಡೀ ಬಿಡಿ. ಎಲ್ಲಾ ಕೋರ್‌ಗೆ ಪ್ರೈಮ್95 ಇಲ್ಲಾ ಓಸಿಸಿಟಿ. ರ‍್ಯಾಮ್‌ಗೆ ಟೆಸ್ಟ್‌ಮೆಮ್5. ವಿಂಡೋಸ್ ಈವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯೂಎಚ್‌ಇಎ ಅಂತ ಹಾರ್ಡ್‌ವೇರ್ ಎರರ್ ಒಂದಾದ್ರೂ ಇದ್ರೆ ಸ್ಟೇಬಲ್ ಅಲ್ಲ, ಕ್ರ್ಯಾಶ್ ಆಗ್ದಿದ್ರೂ ಅಲ್ಲ.

ಎಚ್‌ಡಬ್ಲ್ಯೂಇನ್ಫೋದಲ್ಲಿ ಎಫೆಕ್ಟಿವ್ ಕ್ಲಾಕ್ ಅನ್ನೋ ಸಾಲನ್ನೂ ನೋಡಿ. ವೋಲ್ಟೇಜ್ ತೀರಾ ಕಮ್ಮಿ ಆದಾಗ ಚಿಪ್ಪು ಬಾಯಲ್ಲಿ 4.65 ಅಂತ ಹೇಳಿ ನಿಜಕ್ಕೆ 4.4 ಓಡ್ತಿರುತ್ತೆ, ಸ್ಕೋರ್ ಏರದೆ ಇರೋಕೆ ಇದು ಕಾರಣ.

ರ‍್ಯಾಮ್ ಟೆಸ್ಟ್‌ನ ಮಾತ್ರ ಯಾರೂ ಬಿಡ್ಬೇಡಿ. ಪ್ರೊಸೆಸರ್ ತಪ್ಪಾದ್ರೆ ಮೆಷಿನ್ ನಿಲ್ಲುತ್ತೆ, ರ‍್ಯಾಮ್ ತಪ್ಪಾದ್ರೆ ನಿಮ್ಮ ಫೈಲು ಸದ್ದಿಲ್ದೆ ಕೆಡುತ್ತೆ, ಮದುವೆ ಫೋಟೋ, ಪ್ರಾಜೆಕ್ಟ್ ರಿಪೋರ್ಟ್ ಎಲ್ಲಾ ಅದ್ರಲ್ಲೇ ಇರುತ್ತೆ.

ಆನ್ ಆಗ್ತಾನೇ ಇಲ್ಲ, ಏನ್ ಮಾಡ್ಲಿ?

ಸೀಮಾಸ್ ಕ್ಲಿಯರ್ ಮಾಡಿ, ಅಂದ್ರೆ ಬಯಾಸ್ ಸೆಟ್ಟಿಂಗನ್ನೆಲ್ಲಾ ಅಳಿಸಿ ಮೊದಲಿನ ಹಾಗೆ ಮಾಡೋದು. ಪ್ಲಗ್ ತೆಗೆದು, ಬೋರ್ಡಲ್ಲಿರೋ ಎರಡು ಪಿನ್ನನ್ನ ಸ್ಕ್ರೂಡ್ರೈವರ್ ತುದಿಯಿಂದ ಕೆಲವು ಸೆಕೆಂಡ್ ಮುಟ್ಸಿ, ಇಲ್ಲಾ ಸಿಆರ್2032 ಬ್ಯಾಟರಿ ಐದು ನಿಮಿಷ ಹೊರಗಿಡಿ. ಪಿನ್ ಎಲ್ಲಿದೆ ಅಂತ ಮ್ಯಾನ್ಯುಯಲ್‌ನಲ್ಲಿ ಚಿತ್ರ ಇರುತ್ತೆ.

ವಾರಂಟಿ ಹೋಗುತ್ತಾ?

ಕಾಗದದ ಮೇಲೆ ಹೌದು. ಸ್ಪೆಸಿಫಿಕೇಶನ್ ದಾಟಿ ಓಡ್ಸಿ ಹಾಳಾದ್ರೆ ಎಎಂಡಿ ವಾರಂಟಿ ಅದಕ್ಕೆ ಅನ್ವಯಿಸಲ್ಲ, ಪಿಬಿಓ, ಎಕ್ಸ್‌ಪೋ ಕೂಡ ಅದೇ ಲೆಕ್ಕಕ್ಕೆ ಬರುತ್ತೆ. ಇದನ್ನ ತಿಳ್ಕೊಂಡೇ ಮಾಡಿ.

ಅದಕ್ಕಿಂತ ದೊಡ್ಡ ತಲೆನೋವು ಟ್ರೇ ಪ್ರೊಸೆಸರ್, ಅಂದ್ರೆ ಪೆಟ್ಟಿಗೆ ಇಲ್ದೆ ಬಿಡಿಯಾಗಿ ಮಾರೋದು. ಬೆಂಗಳೂರಿನ ಎಸ್‌ಪಿ ರೋಡಲ್ಲಾಗ್ಲಿ ಆನ್‌ಲೈನಲ್ಲಾಗ್ಲಿ ಅದೇ 5600 ಒಂದು ಕಡೆ ಅಗ್ಗ ಅಂದ್ರೆ ಪೆಟ್ಟಿಗೆ ಇದ್ಯಾ ಅಂತ ಕೇಳಿ, ಟ್ರೇ ಆದ್ರೆ ಕೂಲರ್ ಇರಲ್ಲ, ವಾರಂಟಿ ಅಂಗಡಿಯವ್ರ ಬಾಯಿ ಮಾತಿನ ಮೇಲೆ ನಿಂತಿರುತ್ತೆ. ಪೆಟ್ಟಿಗೆದು ಆದ್ರೆ 3 ವರ್ಷ. ಜಿಎಸ್‌ಟಿ ಬಿಲ್ಲಲ್ಲಿ ಸೀರಿಯಲ್ ನಂಬರ್ ಬರೆಸ್ಕೊಳ್ಳಿ.

ಸೆಕೆಂಡ್ ಹ್ಯಾಂಡ್ ತಗೊಂಡ್ರೆ?

ಪ್ರೊಸೆಸರ್ ಸರಿ, ಬೋರ್ಡು ಹುಷಾರು. ಎಎಂ4 ಪ್ರೊಸೆಸರ್‌ನಲ್ಲಿ ಪಿನ್ ಬಾಗಿದ್ಯಾ ನೋಡಿ, ಎಎಂ5 ಮತ್ತು ಇಂಟೆಲ್‌ನಲ್ಲಿ ಪಿನ್ ಬೋರ್ಡಿನ ಸಾಕೆಟ್‌ನಲ್ಲಿರುತ್ತೆ, ಮೊಬೈಲ್ ಟಾರ್ಚ್ ಹಾಕಿ ಓರೆಯಾಗಿ ನೋಡಿದ್ರೆ ಬಾಗಿರೋದು ಗೊತ್ತಾಗುತ್ತೆ. ಇಂಟೆಲ್ 13, 14ನೇ ಪೀಳಿಗೆಯ ಕೆ ಚಿಪ್ ಯಾರಾದ್ರೂ ಅಗ್ಗಕ್ಕೆ ಕೊಡ್ತೀನಿ ಅಂದ್ರೆ ಸ್ವಲ್ಪ ತಡೀರಿ, ಜಾಸ್ತಿ ವೋಲ್ಟೇಜ್‌ನಿಂದ ಆ ಚಿಪ್ಪುಗಳು ಸವೆಯೋ ಸಮಸ್ಯೆನ ಇಂಟೆಲ್ಲೇ 2024ರಲ್ಲಿ ಒಪ್ಕೊಂಡು ಮೈಕ್ರೋಕೋಡ್ (ಬಯಾಸ್ ಮೂಲಕ ಬರೋ ತಿದ್ದುಪಡಿ) ಬಿಡುಗಡೆ ಮಾಡಿ ವಾರಂಟಿ 2 ವರ್ಷ ಜಾಸ್ತಿ ಮಾಡ್ತು. ಮೈಕ್ರೋಕೋಡ್ ಮುಂದೆ ಆಗೋದನ್ನ ತಡೆಯುತ್ತೆ, ಈಗಾಗ್ಲೇ ಸವೆದಿರೋದನ್ನ ರಿಪೇರಿ ಮಾಡಲ್ಲ. 12600ಕೆ ಈ ತೊಂದ್ರೆಗೆ ಸೇರಿದ್ದಲ್ಲ, ಡಿಡಿಆರ್4 ಝಡ್690 ಬೋರ್ಡ್ ಜೊತೆಗೇ ಸಿಕ್ರೆ ಇಂಟೆಲ್ ಕಡೆ ನಾನು ಕಣ್ಣಿಡೋ ಒಂದೇ ಸೆಕೆಂಡ್ ಹ್ಯಾಂಡ್ ಜೋಡಿ ಅದು.

ಪವರ್ ಸಪ್ಲೈ?

ಹೆಸರಿರೋ ಕಂಪನಿದು, 80 ಪ್ಲಸ್ ಅನ್ನೋ ದಕ್ಷತೆ ಗುರುತು ಇರೋದು, ಮಧ್ಯಮ ಗ್ರಾಫಿಕ್ಸ್ ಕಾರ್ಡಿಗೆ 550 ವ್ಯಾಟ್ ಸಾಕು. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರೋ ಎಸ್‌ಎಂಪಿಎಸ್ ಇಟ್ಕೊಂಡು ಓವರ್‌ಕ್ಲಾಕ್ ಮಾಡ್ಬೇಡಿ. ಕೆಲವು ಅಗ್ಗದ ಯುಪಿಎಸ್‌ಗಳು ಆಕ್ಟಿವ್ ಪಿಎಫ್‌ಸಿ ಅನ್ನೋ ಸರ್ಕಿಟ್ ಇರೋ ಪವರ್ ಸಪ್ಲೈ ಜೊತೆ ಹೊಂದಲ್ಲ, ಕರೆಂಟ್ ಹೋದ ಕ್ಷಣ ಮೆಷಿನ್ನೂ ಆಫ್ ಆಗುತ್ತೆ, ಅದನ್ನ ಓವರ್‌ಕ್ಲಾಕ್ ಸಮಸ್ಯೆ ಅಂತ ತಿಳ್ಕೊಂಡು ಬಯಾಸ್‌ನಲ್ಲಿ ತಡಕಾಡ್ಬೇಡಿ, ಮೊದ್ಲು ಯುಪಿಎಸ್ ತಪ್ಪಿಸಿ ನೇರ ಗೋಡೆ ಪ್ಲಗ್ಗಿಗೆ ಹಾಕಿ ನೋಡಿ.